ಮನಶ್ಶಾಸ್ತ್ರ ಅಧ್ಯಾಪಕರ ಮೌಲ್ಯಮಾಪನ ಕಾರ್ಯಾಗಾರ: ಕೊಟ್ಟ 1,500 ರೂಪಾಯಿಗೆ ಸಿಕ್ಕಿದ್ದೇನು?

ಮಂಗಳೂರಿನ ಕೊಡಿಯಾಲ್‌ಬೈಲಿನ ಸಭಾಂಗಣವೊಂದರಲ್ಲಿ ಖಾಸಗಿ ತರಬೇತಿ ಸಂಸ್ಥೆಯೊಂದು ಪದವಿ ಕಾಲೇಜುಗಳ ಮನಶ್ಶಾಸ್ತ್ರ ಅಧ್ಯಾಪಕರಿಗಾಗಿ ನಡೆಸಿದ ಎರಡು ದಿನಗಳ ಕಾರ್ಯಾಗಾರದ ವಿಮರ್ಶೆ ಇದು. ಶುಲ್ಕ 1,500 ರೂಪಾಯಿ. ಎರಡೂ ದಿನದ ಊಟ, ಚಹಾ, ಒಂದು ಕೈಪಿಡಿ ಮತ್ತು ಪ್ರಮಾಣಪತ್ರ ಅದರಲ್ಲಿಯೇ ಸೇರಿವೆ. ವಿಷಯಗಳು ಎರಡು: ವಿದ್ಯಾರ್ಥಿಗಳಿಗೆ ಅಂಕ ಕೊಡುವ ಕ್ರಮ ಹಾಗೂ ಮನಶ್ಶಾಸ್ತ್ರದ ಇತಿಹಾಸವನ್ನು ಬೋಧಿಸುವ ಕ್ರಮ. ಸಂಬಂಧವಿಲ್ಲದ ಎರಡು ವಿಷಯಗಳನ್ನು ಒಂದೇ ಕಾರ್ಯಾಗಾರದಲ್ಲಿ ಏಕೆ ತುರುಕಿದ್ದಾರೆ ಎಂಬ ಅನುಮಾನ ಕರಪತ್ರ ಓದಿದವರಿಗೆ ಬರುವುದು ಸಹಜ. ಆದರೆ ಈ ಕಾರ್ಯಾಗಾರದ ಬಂಡವಾಳವೇ ಆ ಜೋಡಣೆ. ಮೊದಲ ದಿನಕ್ಕೊಂದಕ್ಕೇ ಅಷ್ಟು ಹಣ ಕೇಳಿದ್ದರೂ ಕೊಡಬಹುದಿತ್ತು. ಎರಡನೆಯ ದಿನದ ಮಧ್ಯಾಹ್ನದ ಬಗ್ಗೆ ಹಾಗೆ ಹೇಳಲಾರೆ.

ದೀಪ ಬೆಳಗುವುದು, ಹೂಗುಚ್ಛ ನೀಡುವುದು, ಅತಿಥಿಗಳ ಪರಿಚಯ ಇವು ಯಾವುವೂ ಇರಲಿಲ್ಲ ಎಂಬುದನ್ನು ಮೆಚ್ಚುಗೆಯಿಂದಲೇ ದಾಖಲಿಸುತ್ತೇನೆ. ಕುಳಿತ ಕೂಡಲೇ ಎಲ್ಲರ ಕೈಗೂ ಒಂದೇ ಉತ್ತರದ ಜೆರಾಕ್ಸ್ ಪ್ರತಿ ಬಂತು. ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ವಿಲ್ಹೆಲ್ಮ್ ವುಂಟ್ ನೀಡಿದ ಕೊಡುಗೆಯನ್ನು ವಿವರಿಸುವ ಹತ್ತು ಅಂಕದ ಪ್ರಶ್ನೆಯದು. ಉತ್ತರ ಬರೆದ ವಿದ್ಯಾರ್ಥಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಆರಂಭಿಸಿದ ಪ್ರಯೋಗಾಲಯದ ವರ್ಷವನ್ನು 1879ರ ಬದಲು 1897 ಎಂದು ಬರೆದಿದ್ದ. ಅಂತರವಲೋಕನ ವಿಧಾನವನ್ನು (ತನ್ನ ಮನಸ್ಸಿನ ಅನುಭವವನ್ನು ತಾನೇ ಗಮನಿಸಿ ವರದಿ ಮಾಡುವುದು) ಮಾತ್ರ ತನ್ನದೇ ಮಾತುಗಳಲ್ಲಿ ಸ್ಪಷ್ಟವಾಗಿ ವಿವರಿಸಿ, ಕೊನೆಯಲ್ಲಿ ಭಾಷೆ, ಪುರಾಣ, ಸಂಪ್ರದಾಯಗಳ ಬಗ್ಗೆ ವುಂಟ್ ನಡೆಸಿದ ಅಧ್ಯಯನದ ಕುರಿತು ಒಂದು ಪ್ಯಾರಾ ಸೇರಿಸಿದ್ದ. ಪರಸ್ಪರ ಮಾತನಾಡದೆ ಅಂಕ ಕೊಡಬೇಕೆಂಬುದು ನಿಯಮ. ಚೀಟಿಗಳನ್ನು ತೆರೆದಾಗ ಕನಿಷ್ಠ ಮೂರು, ಗರಿಷ್ಠ ಎಂಟು ಅಂಕಗಳಿದ್ದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ವಿಶ್ವವಿದ್ಯಾನಿಲಯದ ಮೌಲ್ಯಮಾಪನಕ್ಕೆ ಹೋಗಿ ಬಂದವರೇ ಆಗಿದ್ದರು.

ಅನಂತರದ ಒಂದು ಗಂಟೆಯ ಚರ್ಚೆಯೇ ಇಡೀ ಕಾರ್ಯಾಗಾರದ ಅತ್ಯುತ್ತಮ ಭಾಗ. ಮೂರು ಅಂಕ ಕೊಟ್ಟ ಹಿರಿಯರು, ವರ್ಷ ತಪ್ಪಿದ್ದರಿಂದ ಉತ್ತರದ ಬುನಾದಿಯೇ ಹೋಯಿತೆಂದೂ ಕೊನೆಯ ಪ್ಯಾರಾ ಸ್ಕೀಮಿನಲ್ಲಿ (ಅಂಕ ಹಂಚಿಕೆಯ ಪಟ್ಟಿಯಲ್ಲಿ) ಇಲ್ಲದ್ದೆಂದೂ ವಾದಿಸಿದರು. ಎಂಟು ಕೊಟ್ಟವರಿಗೆ ಆ ಪ್ಯಾರಾ ಒಂದೇ ವಿದ್ಯಾರ್ಥಿ ಪುಸ್ತಕ ತೆರೆದು ನೋಡಿದ್ದಕ್ಕೆ ಸಾಕ್ಷಿಯಾಗಿತ್ತು. ಸಂಪನ್ಮೂಲ ವ್ಯಕ್ತಿ ಇಬ್ಬರನ್ನೂ ಸಮಾಧಾನಪಡಿಸಲು ಹೋಗದೆ ಇತಿಹಾಸಕ್ಕೆ ಬಂದರು. ವುಂಟ್ 1875ರಲ್ಲಿ ಲೈಪ್‌ಜಿಗ್‌ಗೆ ಬಂದಾಗಲೇ ಪ್ರಾತ್ಯಕ್ಷಿಕೆಯ ಉಪಕರಣಗಳಿಗಾಗಿ ಕೋಣೆ ಪಡೆದಿದ್ದರು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರ ಬಳಿಯೂ ಅಂಥದ್ದೊಂದು ಇತ್ತು. ವುಂಟ್ ಪ್ರಯೋಗಾಲಯಕ್ಕೆ ವಿಶ್ವವಿದ್ಯಾನಿಲಯದ ಅಧಿಕೃತ ಮಾನ್ಯತೆ ದೊರೆತದ್ದು 1883ರಲ್ಲಿ. ನಡುವಿನ 1879, ಅಲ್ಲಿ ವಿದ್ಯಾರ್ಥಿಗಳ ಸ್ವತಂತ್ರ ಸಂಶೋಧನೆ ಆರಂಭವಾದುದನ್ನು ಲೆಕ್ಕಕ್ಕೆ ಹಿಡಿದು ನಂತರದವರು ಆರಿಸಿಕೊಂಡ ವರ್ಷ. 1897 ಎಂಬುದು ಹೇಗೂ ತಪ್ಪೇ, ಅದರಲ್ಲಿ ಚರ್ಚೆಯಿಲ್ಲ. ಆದರೆ ಇತಿಹಾಸಕಾರರ ಒಂದು ಆಯ್ಕೆಗೆ ಎರಡು ಅಂಕ ಇಟ್ಟು, 1900ರಿಂದ 1920ರವರೆಗೆ ಹತ್ತು ಸಂಪುಟಗಳಾಗಿ ಪ್ರಕಟವಾದ ಜನಾಂಗೀಯ ಮನಶ್ಶಾಸ್ತ್ರದ, ಅಂದರೆ ಭಾಷೆ, ಪುರಾಣ, ಸಂಪ್ರದಾಯಗಳ ಆ ಅಧ್ಯಯನಕ್ಕೆ ಸೊನ್ನೆ ಇಡುವ ಸ್ಕೀಮು ಯಾವುದನ್ನು ಅಳೆಯುತ್ತಿದೆ ಎಂಬ ಅವರ ಪ್ರಶ್ನೆಗೆ ಸಭೆಯಲ್ಲಿ ಸುಲಭದ ಉತ್ತರ ಇರಲಿಲ್ಲ.

ಮಧ್ಯಾಹ್ನದ ಅವಧಿಯಲ್ಲಿ ಅಂಕಗಳ ಈ ಏರುಪೇರೇ ಒಂದು ಹಳೆಯ ಸಂಶೋಧನಾ ವಿಷಯವೆಂಬುದು ತೆರೆದುಕೊಂಡಿತು. 1888ರಲ್ಲಿ ಅರ್ಥಶಾಸ್ತ್ರಜ್ಞ ಹಾಗೂ ಸಂಖ್ಯಾಶಾಸ್ತ್ರಜ್ಞ ಎಡ್ಜ್‌ವರ್ತ್, ಪರೀಕ್ಷಕರು ಕೊಡುವ ಅಂಕಗಳನ್ನು ದೋಷಸಹಿತ ಅಳತೆಗಳೆಂದು ಪರಿಗಣಿಸಿ ಸಂಖ್ಯಾಶಾಸ್ತ್ರದ ಲೇಖನ ಬರೆದರು. ಮಿಸೌರಿ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ಮೇಯರ್ 1908ರಲ್ಲಿ ತಮ್ಮ ಸಹೋದ್ಯೋಗಿಗಳ ಅಂಕಪಟ್ಟಿಗಳನ್ನೇ ಮುಂದಿಟ್ಟರು: ತತ್ತ್ವಶಾಸ್ತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಉನ್ನತ ಶ್ರೇಣಿ, ರಸಾಯನಶಾಸ್ತ್ರದ ಒಂದು ಕೋರ್ಸಿನಲ್ಲಿ ನೂರಕ್ಕೆ ಒಬ್ಬರಿಗೆ. 1912ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು 142 ಶಿಕ್ಷಕರಿಂದ ತಿದ್ದಿಸಿದಾಗ ಅಂಕಗಳು 64ರಿಂದ 98ರವರೆಗೆ ಹರಡಿದವು. ಅದು ಸಾಹಿತ್ಯ, ಅಭಿರುಚಿಯ ಪ್ರಶ್ನೆ ಎಂದು ತಳ್ಳಿಹಾಕಿದವರಿಗಾಗಿ ಮರುವರ್ಷ ಜ್ಯಾಮಿತಿಯ ಉತ್ತರಪತ್ರಿಕೆಯನ್ನು ಕಳಿಸಿದರೆ ಅಂತರ ಇನ್ನೂ ಹೆಚ್ಚಾಯಿತು: ಕನಿಷ್ಠ 28, ಗರಿಷ್ಠ 90ಕ್ಕೂ ಮೇಲೆ. ಬೆಳಗ್ಗೆ ನಾವೇ ಮೂರರಿಂದ ಎಂಟರವರೆಗೆ ಹರಡಿಕೊಂಡಿದ್ದರಿಂದ ಈ ಅಂಕಿಗಳನ್ನು ಕೇಳಿ ಯಾರೂ ನಗಲಿಲ್ಲ.

ಇದಕ್ಕೆ ಮೇಯರ್ ಸೂಚಿಸಿದ ಪರಿಹಾರವೂ ಚರ್ಚೆಗೆ ಬಂತು. ತರಗತಿಯನ್ನು ಅನುಕ್ರಮದಲ್ಲಿ ಜೋಡಿಸಿ, ಮೇಲಿನ ಶೇ. 3, ನಂತರದ ಶೇ. 22, ನಡುವಿನ ಶೇ. 50, ಮತ್ತೆ ಶೇ. 22, ಕೊನೆಯ ಶೇ. 3 ಎಂದು ಶ್ರೇಣಿ ಹಂಚುವುದು ಅವರ ಕ್ರಮ. ಹದಿನೈದು ಮಂದಿ ಐಚ್ಛಿಕವಾಗಿ ಮನಶ್ಶಾಸ್ತ್ರ ಆರಿಸಿಕೊಂಡಿರುವ ನಮ್ಮ ತರಗತಿಗಳಲ್ಲಿ ಇದು ನಡೆಯುವ ಮಾತಲ್ಲ, ಯಾಕೆಂದರೆ ಅಷ್ಟು ಸಣ್ಣ ಗುಂಪಿನಲ್ಲಿ ಗಂಟೆಯಾಕಾರದ ರೇಖೆಯನ್ನು (ನಡುವೆ ಹೆಚ್ಚು ಮಂದಿ, ಎರಡೂ ತುದಿಗಳಲ್ಲಿ ಕಡಿಮೆ) ನಿರೀಕ್ಷಿಸುವುದೇ ಸಂಖ್ಯಾಶಾಸ್ತ್ರಕ್ಕೆ ಒಪ್ಪದು. ಇದನ್ನು ಸಂಪನ್ಮೂಲ ವ್ಯಕ್ತಿಯೇ ಹೇಳಿದ್ದು ಸಮಾಧಾನ ತಂದಿತು.

ಆಂತರಿಕ ಅಂಕಗಳ ಮಾತು ಬಂದಾಗ ಸಭೆ ತುಸು ಬಿಸಿಯಾಯಿತು. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮದಲ್ಲಿ ನೂರಕ್ಕೆ 40 ಇದ್ದ ಆಂತರಿಕ ಅಂಕ ಈಗ 20ಕ್ಕೆ ಇಳಿದಿದ್ದರೂ ಒತ್ತಡ ಇಳಿದಿಲ್ಲ. ಉಡುಪಿ ಕಡೆಯಿಂದ ಬಂದಿದ್ದ ಉಪನ್ಯಾಸಕರೊಬ್ಬರು, "ನೀವು ಹೇಳುವುದೆಲ್ಲ ಸರಿ ಉಂಟು ಸಾರ್, ಆದರೆ ನಾನು 20ಕ್ಕೆ 11 ಹಾಕಿದರೆ ಮರುದಿನ ಕರೆಸಿ ಕೇಳುತ್ತಾರೆ ಮಾರಾಯ್ರೆ, 18 ಹಾಕಿದರೆ ಯಾರೂ ಕೇಳುವುದಿಲ್ಲ" ಎಂದಾಗ ಅನೇಕರು ತಲೆಯಾಡಿಸಿದರು. ಇಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಅವರ 1920ರ ಅಧ್ಯಯನವನ್ನು ತಂದದ್ದು ಸಮಯೋಚಿತವಾಗಿತ್ತು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಬುದ್ಧಿ, ಮೈಕಟ್ಟು, ನಾಯಕತ್ವ, ನಡತೆಗಳನ್ನು ಬೇರೆ ಬೇರೆಯಾಗಿ ಅಳೆಯಬೇಕಿದ್ದರೂ ಆ ಅಂಕಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಬಂದಿದ್ದನ್ನು ಅವರು ತೋರಿಸಿದ್ದರು. ಒಂದು ಗುಣದ ಮೆಚ್ಚುಗೆ ಉಳಿದ ಅಂಕಗಳಿಗೂ ಹರಡುವ ಈ ಹಾಲೋ ಪರಿಣಾಮವನ್ನು ಮೊದಲ ವರ್ಷಕ್ಕೆ ಪಾಠ ಮಾಡಿ, ಅದೇ ಸಂಜೆ ಹೆಸರು ಕಾಣುವ ಅಸೈನ್‌ಮೆಂಟುಗಳನ್ನು ತಿದ್ದಲು ಕೂರುವವರು ನಾವು. ಹೆಸರು ಮಡಚಿ ತಿದ್ದುವುದು, ಒಬ್ಬ ವಿದ್ಯಾರ್ಥಿಯ ಎಲ್ಲ ಉತ್ತರಗಳನ್ನು ಒಟ್ಟಿಗೆ ನೋಡುವ ಬದಲು ಎಲ್ಲರ ಮೊದಲ ಪ್ರಶ್ನೆಯನ್ನು ಮುಗಿಸಿ ಎರಡನೆಯದಕ್ಕೆ ಹೋಗುವುದು, ತಿದ್ದುವ ಮೊದಲೇ ಮಾನದಂಡಗಳನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಎಂಬ ಸಲಹೆಗಳಲ್ಲಿ ಹೊಸತೇನೂ ಇಲ್ಲ. ಆದರೆ ಖರ್ಚಿಲ್ಲದೆ ನಾಳೆಯೇ ಮಾಡಬಹುದಾದವು. ಕರೆಸಿ ಕೇಳುವವರಿಗೆ ಏನು ಹೇಳಬೇಕೆಂಬುದಕ್ಕೆ ಮಾತ್ರ ಉತ್ತರ ಸಿಗಲಿಲ್ಲ.

ಎರಡನೆಯ ದಿನದ ಬೆಳಗು ಇತಿಹಾಸ ಬೋಧನೆಗೆ ಮೀಸಲು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕಾಲ್ಕಿನ್ಸ್ ಪ್ರಸಂಗವನ್ನು ಪಾಠಕ್ಕೆ ತರುವ ರೀತಿ ಬಹಳ ಚೆನ್ನಾಗಿತ್ತು. 1895ರಲ್ಲಿ ಪರೀಕ್ಷಕರೆಲ್ಲರೂ ಡಾಕ್ಟರೇಟಿಗೆ ಅರ್ಹರೆಂದು ಹೇಳಿದರೂ ಮಹಿಳೆ ಎಂಬ ಕಾರಣಕ್ಕೆ ಹಾರ್ವರ್ಡ್ ಅವರಿಗೆ ಪದವಿ ನೀಡಲಿಲ್ಲ. 1905ರಲ್ಲಿ ಅವರೇ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಅಧ್ಯಕ್ಷೆಯಾದರು. ಮೌಲ್ಯಮಾಪನ ಮತ್ತು ಇತಿಹಾಸ ಎರಡನ್ನೂ ಒಟ್ಟಿಗೆ ಹಿಡಿದಿಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಭಾರತದ ಭಾಗ ಸೊರಗಿತ್ತು. ಕಲ್ಕತ್ತಾದಲ್ಲಿ 1916ರಲ್ಲಿ ಎನ್. ಎನ್. ಸೇನ್‌ಗುಪ್ತ ಅವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು, ಗಿರೀಂದ್ರಶೇಖರ ಬೋಸ್ 1922ರಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದ್ದು, ಇಷ್ಟಕ್ಕೇ ಸ್ಲೈಡ್ ಮುಗಿಯಿತು. ಮೈಸೂರಿನ ಹೆಸರೇ ಇರಲಿಲ್ಲ. ಕರ್ನಾಟಕದ ಅಧ್ಯಾಪಕರಿಗೆ ಮಾಡುವ ಪಾಠದಲ್ಲಿ ಇದು ಸಣ್ಣ ಲೋಪವಲ್ಲ. ಕಲ್ಕತ್ತಾದಲ್ಲಿ ಮನಶ್ಶಾಸ್ತ್ರದ ಪಠ್ಯಕ್ರಮಕ್ಕೆ ರೂಪ ಕೊಟ್ಟ ಬ್ರಜೇಂದ್ರನಾಥ ಸೀಲ್ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕಾಲದಲ್ಲಿಯೇ, 1924ರಲ್ಲಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ ಅಲ್ಲಿ ವಿಭಾಗ ಆರಂಭಿಸಿದರು. (1935ರಲ್ಲಿ ತಮ್ಮ ಮನೆಯಲ್ಲಿ ಆಕಾಶವಾಣಿ ಎಂಬ ಹೆಸರಿನ ರೇಡಿಯೋ ಕೇಂದ್ರ ತೆರೆದವರೂ ಅವರೇ, ತರಗತಿಯ ನಿದ್ದೆ ಬಿಡಿಸಲು ಇಂಥ ಒಂದು ಸಂಗತಿ ಸಾಕು.) ಇನ್ನೂ ಹತ್ತಿರದ್ದು ಧಾರವಾಡದ ವಿ. ವಿ. ಕಾಮತ್ ಅವರ ಕೆಲಸ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ ರೂಪಿಸಿದ ಬುದ್ಧಿಮಾಪನವನ್ನು ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆಯ ಪೆಟ್ಟಿಗೆ ನಮ್ಮ ಎಷ್ಟೋ ಪ್ರಯೋಗಾಲಯಗಳ ಕಪಾಟಿನಲ್ಲಿದೆ. ಅದನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ತೆಗೆಯುತ್ತೇವೆಯೇ ಹೊರತು ಇತಿಹಾಸದ ಪಾಠಕ್ಕೆ ತೆಗೆಯುವುದಿಲ್ಲ. ಇವನ್ನೆಲ್ಲ ಎದ್ದು ನಿಂತು ಹೇಳಿದ್ದು ಸಭಿಕರು. ಸಂಪನ್ಮೂಲ ವ್ಯಕ್ತಿ ಅದನ್ನು ಬರೆದುಕೊಂಡರು, ಆದ್ದರಿಂದ ಮುಂದಿನ ಬಾರಿ ಸ್ಲೈಡ್ ತಿದ್ದಿರಬಹುದೆಂದು ಆಶಿಸಬಹುದು.

ಮಧ್ಯಾಹ್ನ ಅಂಕ ಲೆಕ್ಕ ಹಾಕುವ ಸಾಫ್ಟ್‌ವೇರ್ ಒಂದರ ಪ್ರಾತ್ಯಕ್ಷಿಕೆ. ಇದು ಸಂಪೂರ್ಣ ವ್ಯರ್ಥ. ಕನ್ನಡದಲ್ಲಿ ಟೈಪ್ ಮಾಡಿದ ಉತ್ತರ ಪರದೆಯ ಮೇಲೆ ಬರೀ ಚೌಕಗಳಾಗಿ ಮೂಡಿತು, ಸಭಾಂಗಣದ ವೈಫೈ ನಡುನಡುವೆ ನಿಂತಿತು, ಕೊನೆಗೆ ಚಂದಾ ದರದ ಪಟ್ಟಿ ಹಂಚಲಾಯಿತು. ಶುಲ್ಕ ಕೊಟ್ಟು ಬಂದವರಿಗೆ ಮಾರಾಟದ ಭಾಷಣ ಕೇಳಿಸುವುದು ಸರಿಯಲ್ಲ.

ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ, ಅಚ್ಚು ತೆಳು, ಆದರೆ ಮೌಲ್ಯಮಾಪನದ ಮಾದರಿ ಕೋಷ್ಟಕಗಳು ಉಪಯುಕ್ತ. ಊಟ ಚೆನ್ನಾಗಿತ್ತು, ಚಹಾದ ಜೊತೆಗಿನ ಗೋಳಿಬಜೆ ಬಿಸಿಯಾಗಿತ್ತು. ಉಡುಪಿಯಿಂದ ಬೆಳಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹಿಡಿಯುವವರು ಕೊಟ್ಟಾರ ಚೌಕಿಯಿಂದ ಮುಂದಿನ ವಾಹನ ದಟ್ಟಣೆಗೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಬೇಕು, ಯಾಕೆಂದರೆ ಉತ್ತರ ತಿದ್ದುವ ಅಭ್ಯಾಸವನ್ನು ತಡವಾಗಿ ಬಂದವರಿಗಾಗಿ ಮತ್ತೆ ಮಾಡಿಸುವುದಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಅತಿಥಿ ಉಪನ್ಯಾಸಕರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಹಿರಿಯರಿಗೆ ಇನ್ನೂ ಹೆಚ್ಚು ಅಗತ್ಯವಿದೆ, ಆದರೆ ಅವರು ಬರುವುದು ಕಡಿಮೆ. ಮುಂದಿನ ತಂಡಕ್ಕೆ ಉಡುಪಿಯಲ್ಲಿ ವ್ಯವಸ್ಥೆ ಮಾಡುವುದಾಗಿ ಸಂಘಟಕರು ಹೇಳಿದ್ದಾರೆ. ಹೋಗುವವರು ತಮ್ಮ ಕಾಲೇಜಿನ ಆಂತರಿಕ ಪರೀಕ್ಷೆಯ ಒಂದೆರಡು ಹಳೆಯ ಉತ್ತರಗಳನ್ನು, ಹೆಸರು ಮತ್ತು ಅಂಕ ಎರಡನ್ನೂ ಮುಚ್ಚಿ ಜೆರಾಕ್ಸ್ ಮಾಡಿಸಿಕೊಂಡು ಒಯ್ಯುವುದು ಒಳ್ಳೆಯದು. ಎರಡನೆಯ ದಿನ ಚಹಾ ವಿರಾಮದ ನಂತರ ಅವುಗಳನ್ನು ಇತರರಿಂದ ತಿದ್ದಿಸಿ ನೋಡಲು ಅವಕಾಶವಿದೆ, ಆದರೆ ಕರಪತ್ರದಲ್ಲಿ ಎಲ್ಲಿಯೂ ಅದನ್ನು ತಿಳಿಸಿಲ್ಲ.