ಅಗ್ಗದ ದೋಣಿ ಹತ್ತಿ ಖಾಲಿ ದ್ವೀಪಕ್ಕೆ ಹೋಗಬೇಡಿ

ಮಲ್ಪೆಗೆ ಹೋದವರು ಸೇಂಟ್ ಮೇರೀಸ್ ದ್ವೀಪಕ್ಕೆ ಟಿಕೆಟ್ ದೋಣಿಯಲ್ಲೇ ಹೋಗಿ. "ಅಲ್ಲಿ ಸಿಕ್ಕಾಪಟ್ಟೆ ಜನ, ನಿಮ್ಮನ್ನ ಬೇರೆ ಕಡೆ ಬಿಡ್ತೇನೆ" ಅಂತ ಯಾರಾದರೂ ಕರೆದರೆ ದಯವಿಟ್ಟು ಹತ್ತಬೇಡಿ. ನಮ್ಮನ್ನು ಹಾಗೆ ಒಂದು ಚಿಕ್ಕ ದ್ವೀಪದಲ್ಲಿ ಇಳಿಸಿ ಹೋದವನು ಕತ್ತಲಾದರೂ ಬರಲಿಲ್ಲ. ಅವನ ಫೋನ್ ಸ್ವಿಚ್ ಆಫ್.

ದಡ ಕಣ್ಣಿಗೆ ಕಾಣುತ್ತಿತ್ತು. ಕೈಯಲ್ಲಿದ್ದದ್ದು ಒಂದೂವರೆ ಬಾಟಲಿ ನೀರು, ಚಿಪ್ಸು, ಚಕ್ಕುಲಿ. ಭಾವ "ಎಲ್ಲರಿಗೂ ಸಮಪಾಲು" ಅಂತ ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಡಲು ಶುರುಮಾಡಿದರು. ಕೇಳೋಕೆ ನ್ಯಾಯವೇ, ಅಲ್ವಾ? ಆದರೆ ಆ ನೀರು ನಾಲಿಗೆ ದಾಟುತ್ತಿರಲಿಲ್ಲ. ಅತ್ತಿಗೆಯ ಮಗು ಮಧ್ಯಾಹ್ನದಿಂದ ಉಚ್ಚೆ ಮಾಡಿರಲಿಲ್ಲ. ತುಟಿ ಒಡೆದಿತ್ತು, ಅಳುವಾಗ ಕಣ್ಣೀರೂ ಬರುತ್ತಿರಲಿಲ್ಲ. ಕೊನೆಗೆ ಅತ್ತೆ ಬಾಟಲಿ ಕಿತ್ತುಕೊಂಡು, "ಮೊದಲು ಮಗು ಸರಿಯಾಗಿ ಕುಡೀಲಿ, ನಮ್ಮದು ಆಮೇಲೆ" ಅಂದರು. ಆ ಮಾತು ಇನ್ನೂ ಬೇಗ ಬರಬೇಕಿತ್ತು.

ಇಂಥ ಹೊತ್ತಲ್ಲಿ ಉಳಿಸಬೇಕಾದದ್ದು ಬೆವರನ್ನು. ಅಲ್ಲಿನ ಕಪ್ಪು ಬಂಡೆ ಬಿಸಿಲಿಗೆ ಕಾದ ಕಾವಲಿ. ಅದರ ಮೇಲೆ ಓಡಾಡಿ ಕೂಗಿದವರಿಗೇ ಮೊದಲು ತಲೆಸುತ್ತು ಬಂತು. ನೆರಳಲ್ಲಿ ಸುಮ್ನೆ ಕೂತುಬಿಡಿ. ಚಿಪ್ಸ್ ಮುಟ್ಟಬೇಡಿ, ಉಪ್ಪು ತಿಂದಷ್ಟೂ ಬಾಯಾರಿಕೆ ಜಾಸ್ತಿ. ಒಂದು ರಾತ್ರಿ ಹಸಿವು ತಡೆಯಬಹುದು. ಕಡಲ ನೀರು ಬೆರೆಸಿ ಕುಡಿಯೋಣ ಅಂತ ಒಬ್ಬರು ಹೇಳಿದರು. ಬೇಡವೇ ಬೇಡ. ಅದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ಹೊರಹಾಕಲು ಮೈ ಕುಡಿದದ್ದಕ್ಕಿಂತ ಹೆಚ್ಚು ನೀರು ಕಳೆದುಕೊಳ್ಳುತ್ತದೆ. ಹುಡುಗರು ಈಜಿ ಹೋಗ್ತೇವೆ ಅಂತ ಹೊರಟಿದ್ದರು, ಅತ್ತೆ ಕೈ ಹಿಡಿದು ಕೂರಿಸಿದರು.

ನೀರಿಗಿಂತ ಮುಂಚೆ ಮುಗಿದದ್ದು ಮೊಬೈಲ್ ಚಾರ್ಜು. ಎಲ್ಲರೂ ಆ ದೋಣಿಯವನಿಗೇ ಫೋನ್ ಮಾಡುತ್ತಾ, ಟಾರ್ಚ್ ಹಾಕಿಕೊಂಡು ಒಂದೊಂದಾಗಿ ಖಾಲಿ ಮಾಡಿದರು. ಅತ್ತಿಗೆಯ ಫೋನ್ ಬ್ಯಾಗಿನ ತಳದಲ್ಲಿ ಉಳಿದಿದ್ದರಿಂದ ಬಚಾವಾದೆವು. ಅದರಿಂದ 1093ಕ್ಕೆ, ಅಂದರೆ ಕರಾವಳಿ ಕಾವಲು ಪೊಲೀಸರಿಗೆ, ಕರೆ ಹೋಯಿತು. ಕೋಸ್ಟ್ ಗಾರ್ಡ್ ನಂಬರ್ 1554. ಎರಡನ್ನೂ ಈಗಲೇ ಸೇವ್ ಮಾಡಿಕೊಳ್ಳಿ. ಸಿಕ್ಕಿಬಿದ್ದ ಕೂಡಲೇ ಒಂದು ಫೋನ್ ಮಾತ್ರ ಇಟ್ಟುಕೊಂಡು ಉಳಿದದ್ದೆಲ್ಲ ಆಫ್ ಮಾಡಿ, ಮೊದಲ ಕರೆಯನ್ನೇ ಇವರಿಗೆ ಮಾಡಿ.

ಆಮೇಲೆ ಸಿಕ್ಕ ದೋಣಿಯವನು "ಇಂಜಿನ್ ಕೆಟ್ಟಿತ್ತು" ಅಂದ, ಅಷ್ಟೇ. ಬೇರೆ ದೋಣಿ ಕಳಿಸಬಹುದಿತ್ತು, ಪೊಲೀಸರಿಗೆ ಒಂದು ಮಾತು ಹೇಳಬಹುದಿತ್ತು. ಯಾವ ದೋಣಿಯೇ ಆಗಲಿ, ಹತ್ತುವ ಮುಂಚೆ ಅದರ ಮೇಲಿನ ನೋಂದಣಿ ನಂಬರಿನ ಫೋಟೊ ತೆಗೆದು ದಡದಲ್ಲಿರುವವರಿಗೆ ಕಳಿಸಿ, ಎಷ್ಟು ಹೊತ್ತಿಗೆ ವಾಪಸು ಅಂತಲೂ ಹೇಳಿ. ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಲೇಬೇಡಿ.