ಕ್ರೋಮೋಲಿ ಉಕ್ಕಿನ ಸೈಕಲ್: ಒಂಬತ್ತು ವರ್ಷ, 43,000 ಕಿಲೋಮೀಟರ್

ಈ ಸೈಕಲ್ ತೆಗೆದುಕೊಂಡಿದ್ದು 2016ರಲ್ಲಿ, ಮಳೆಗಾಲ ಶುರುವಾಗುವ ಹೊತ್ತಿಗೆ. ಹೋದ ವಾರ ಮೀಟರ್ 43,000 ಕಿಲೋಮೀಟರ್ ದಾಟಿತು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಹೋಗಿ ಬಂದರೆ ದಿನಕ್ಕೆ ಸುಮಾರು 20 ಕಿಲೋಮೀಟರ್. ವಾರಕ್ಕೆ ನಾಲ್ಕು ದಿನ ಇದರಲ್ಲೇ ಓಡಾಟ. ಭಾನುವಾರ ಚಾಮುಂಡಿ ಬೆಟ್ಟ, ಇಲ್ಲವೇ ಶ್ರೀರಂಗಪಟ್ಟಣದ ಕಡೆ. ಇಷ್ಟು ದಿನ ಜೊತೆಗಿದ್ದ ಮೇಲೆ ಇದರ ಬಗ್ಗೆ ಧೈರ್ಯವಾಗಿ ನಾಲ್ಕು ಮಾತು ಹೇಳಬಹುದು ಅನ್ನಿಸಿತು.

ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗೋದಿಲ್ಲ. ಗೇರು, ಬ್ರೇಕು, ಚಕ್ರ ಎಲ್ಲವನ್ನೂ ಒಂದಲ್ಲ ಒಂದು ಸಲ ಬದಲಾಯಿಸಿದ್ದೇನೆ. ಮೊದಲ ದಿನದಿಂದ ಹಾಗೇ ಇರೋದು ಫ್ರೇಮ್ ಒಂದೇ. ಅದರ ಮೇಲೆ ಕೊಳವೆ ತಯಾರಿಸುವ ರೆನಾಲ್ಡ್ಸ್ ಕಂಪನಿಯ ರೆನಾಲ್ಡ್ಸ್ 520 ಅನ್ನೋ ಚಿಕ್ಕ ಸ್ಟಿಕ್ಕರ್ ಇದೆ. ಅಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸ್ವಲ್ಪ ಸ್ವಲ್ಪ ಸೇರಿಸಿದ ಉಕ್ಕಿನ ಕೊಳವೆಗಳು. ಸೈಕಲ್ ಮಂದಿ ಇದನ್ನೇ ಕ್ರೋಮೋಲಿ ಅನ್ನುತ್ತಾರೆ.

ನನ್ನ ಕೆಲಸವೂ ಲೋಹದ್ದೇ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಆದ ಜಾಯಿಂಟ್‌ಗಳನ್ನು ಚೆಕ್ ಮಾಡುವುದು. ಹಾಗಾಗಿ ಫ್ರೇಮಿನ ಬಗ್ಗೆ ಬರೆಯುವಾಗ ಕೈ ಸ್ವಲ್ಪ ಉದ್ದವಾಗುತ್ತದೆ.

ಇದಕ್ಕೂ ಮೊದಲು ನನ್ನ ಹತ್ತಿರ ಅಲ್ಯೂಮಿನಿಯಂ ಫ್ರೇಮಿನ ಸೈಕಲ್ ಇತ್ತು. ಹಗುರ, ಚುರುಕು, ನೋಡೋಕೂ ಚೆಂದ. ಐದನೇ ವರ್ಷದಲ್ಲಿ ಪೆಡಲ್ ಒತ್ತಿದಾಗಲೆಲ್ಲ ಕಟಕ್ ಅಂತ ಸದ್ದು ಬರೋಕೆ ಶುರುವಾಯಿತು. ಪೆಡಲ್ ಬಿಚ್ಚಿ ಗ್ರೀಸ್ ಹಾಕಿಸಿದೆ. ಬೇರಿಂಗ್ ಬದಲಾಯಿಸಿದೆ. ಸದ್ದು ಹೋಗಲಿಲ್ಲ. ಕೊನೆಗೆ ಒಂದು ಶನಿವಾರ ಕೆಲಸ ಮುಗಿದ ಮೇಲೆ ಸೈಕಲನ್ನೇ ನಮ್ಮ ಟೇಬಲ್ ಮೇಲೆ ಮಲಗಿಸಿದೆ. ಪೆಡಲ್ ಗೂಡಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಬಲಗಡೆ ಕೊಳವೆಯನ್ನು ಚೆನ್ನಾಗಿ ಒರೆಸಿ, ಕೆಂಪು ಡೈ ಹಚ್ಚಿ, ಹತ್ತು ನಿಮಿಷ ಬಿಟ್ಟು, ಪೂರ್ತಿ ಒರೆಸಿ ತೆಗೆದು, ಮೇಲೆ ಬಿಳಿ ಡೆವಲಪರ್ ಸ್ಪ್ರೇ ಮಾಡಿದೆ. ಬಿಳಿ ಪುಡಿ ಒಣಗುತ್ತಾ ಬಂದ ಹಾಗೆ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಡೈ ಅದು. ಕೊಳವೆಯ ಮೂರನೇ ಒಂದು ಭಾಗ ಸುತ್ತಿತ್ತು. ಹಿಂದಿನ ದಿನ ತಾನೇ ಬೆಟ್ಟ ಇಳಿದಿದ್ದೆ. ಕೈ ತಣ್ಣಗಾಯಿತು.

ಅಲ್ಯೂಮಿನಿಯಂ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದರ ಗುಣವೇ ಬೇರೆ. ಉಕ್ಕಿಗೆ ಒಂದು ಮಿತಿ ಇದೆ. ಆ ಮಿತಿಯ ಒಳಗೆ ಎಷ್ಟು ಸಲ ಬಾಗಿಸಿ ಬಿಟ್ಟರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಸಣ್ಣ ಬಾಗು ಕೂಡ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ಕೊಳವೆ ದಪ್ಪ ಮಾಡಿ, ಬಾಗೋದೇ ಕಡಿಮೆಯಾಗುವಂತೆ ನೋಡಿಕೊಳ್ಳುತ್ತಾರೆ. ಅಂಥ ಫ್ರೇಮ್ ಹತ್ತಾರು ವರ್ಷ ಬಾಳುತ್ತದೆ. ಆದರೆ ಒಡೆದ ಮೇಲೆ ಕಷ್ಟ. ಫ್ರೇಮಿಗೆ ಬಳಸುವ 6061 ಅನ್ನೋ ಬಗೆಯ ಅಲ್ಯೂಮಿನಿಯಂಗೆ ವೆಲ್ಡಿಂಗ್ ಮಾಡಿದರೆ ಆ ಜಾಗ ಮೆತ್ತಗಾಗುತ್ತದೆ. ಮತ್ತೆ ಗಟ್ಟಿಯಾಗಬೇಕಾದರೆ ಇಡೀ ಫ್ರೇಮನ್ನು ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಹದಮಾಡಬೇಕು. ಯಾವ ಮೆಕ್ಯಾನಿಕ್ ಹತ್ತಿರ ಅದಿರುತ್ತೆ ಹೇಳಿ? ಆ ಫ್ರೇಮ್ ಗುಜರಿಗೆ ಹೋಯಿತು.

ಆಮೇಲೆ ಬಂದಿದ್ದು ಈ ಉಕ್ಕಿನ ಸೈಕಲ್. ಕ್ಯಾರಿಯರ್, ಮಡ್‌ಗಾರ್ಡ್ ಸೇರಿ 14 ಕಿಲೋ. ಉಕ್ಕು ಅಂದ ತಕ್ಷಣ ನಮ್ಮಲ್ಲಿ ಎಲ್ಲರಿಗೂ ನೆನಪಾಗೋದು ಅಪ್ಪನ ಕಾಲದ ಕಪ್ಪು ಸೈಕಲ್, ಅಲ್ವಾ? ಅದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಕ್ರೋಮೋಲಿಯ ಬಲ ಜಾಸ್ತಿ, ಆದ್ದರಿಂದ ಕೊಳವೆಯ ಗೋಡೆ ತೆಳುವಾಗಿದ್ದರೂ ನಡೆಯುತ್ತದೆ. ಅದರಲ್ಲೂ ಜಾಯಿಂಟ್ ಬರುವ ತುದಿಗಳಲ್ಲಿ ದಪ್ಪ, ನಡುವೆ ತೆಳು. ಬೆರಳಿನಿಂದ ಕೊಳವೆಯ ನಡುಭಾಗ ತಟ್ಟಿ, ಆಮೇಲೆ ತುದಿ ತಟ್ಟಿ ನೋಡಿ. ಸದ್ದೇ ಬೇರೆ ಬರುತ್ತದೆ. ತುದಿ ದಪ್ಪ, ನಡು ತೆಳು ಮಾಡುವ ಈ ಉಪಾಯಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರೆನಾಲ್ಡ್ಸ್ ಅವರು ಪೇಟೆಂಟ್ ಪಡೆದದ್ದು 1897ರಲ್ಲಿ. ಇವತ್ತಿಗೂ ಅದೇ ನಡೆಯುತ್ತಿದೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಉಕ್ಕಿನ ಫ್ರೇಮ್ ಮೆತ್ತಗೆ, ಅಲ್ಯೂಮಿನಿಯಂ ಕುಲುಕುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ನಮ್ಮ ಯಜಮಾನರ ಅಲ್ಯೂಮಿನಿಯಂ ಸೈಕಲ್ಲಿಗೆ ನನ್ನದರ ಥರವೇ 38 ಮಿಲಿಮೀಟರ್ ಅಗಲದ ಟೈರ್ ಹಾಕಿಸಿ, ಗಾಳಿಯನ್ನೂ ಅಷ್ಟೇ ಇಳಿಸಿ ಓಡಿಸಿ ನೋಡಿದೆ. ಮುಕ್ಕಾಲು ಪಾಲು ವ್ಯತ್ಯಾಸ ಮಾಯ. ಬೆನ್ನಿಗೆ ಸುಖ ಕೊಡೋದು ಮೊದಲು ಟೈರು, ಆಮೇಲೆ ಸೀಟು, ಆಮೇಲೆ ಫ್ರೇಮು. ಮೆತ್ತಗಿರುತ್ತೆ ಅಂತ ಮಾತ್ರ ಉಕ್ಕಿಗೆ ಹೋಗುವುದಾದರೆ, ಮೊದಲು ಅಗಲದ ಟೈರ್ ಹಾಕಿಸಿ ನೋಡಿ. ದುಡ್ಡು ಉಳಿಯುತ್ತದೆ.

ಉಕ್ಕಿನ ಫ್ರೇಮಿನ ಬೆಲೆ ನನಗೆ ತಿಳಿದಿದ್ದು 2019ರಲ್ಲಿ, ನಾನು ಸೈಕಲ್ಲಿನಿಂದ ಬಿದ್ದಾಗ.

ಸರಸ್ವತಿಪುರಂನಲ್ಲಿ ಸಂಜೆ ಆರೂವರೆ. ರಸ್ತೆಯ ಎಡಕ್ಕೆ ಕಾರುಗಳ ಸಾಲು. ಒಂದು ಕಾರಿನ ಡ್ರೈವರ್ ಬಾಗಿಲು ನನ್ನ ಮುಂದೆಯೇ ಪೂರ್ತಿ ತೆರೆಯಿತು. ಬ್ರೇಕ್ ಹಿಡಿಯಲು ಜಾಗವೇ ಇರಲಿಲ್ಲ. ಹ್ಯಾಂಡಲ್ ಬಲಕ್ಕೆ ಎಳೆದೆ. ಬಾಗಿಲಿನ ಅಂಚು ತಾಗಿ ಬಲಕ್ಕೇ ಬಿದ್ದೆ. ಹಿಂದೆ ಬರುತ್ತಿದ್ದ ಆಟೋದವರು ಆಗಲೇ ವೇಗ ಇಳಿಸಿ, ನನ್ನಿಂದ ದೂರ ಇಟ್ಟುಕೊಂಡು ಬರುತ್ತಿದ್ದರು. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಅವರು ಆಟೋ ಅಡ್ಡ ನಿಲ್ಲಿಸಿ, ಹಿಂದಿನ ಗಾಡಿಗಳನ್ನು ತಡೆದು, “ಏಳಬೇಡಿ ಅಕ್ಕ, ಒಂದು ನಿಮಿಷ ಹಾಗೇ ಕೂತ್ಕೊಳ್ಳಿ” ಅಂದರು. ಕಾರಿನಿಂದ ಇಳಿದವರು ಮೊದಲು ಹೇಳಿದ್ದು, “ನೋಡ್ಕೊಂಡು ಬರಬಾರದಾ ಮೇಡಂ?” ಆಟೋದವರು ಅವರ ಕಡೆ ತಿರುಗಿ, “ಬಾಗಿಲು ತೆಗೆದೋರು ನೀವು ಸಾರ್” ಅಂದರು, ಅಷ್ಟೇ. ಜೋರು ದನಿಯಿಲ್ಲ. ಆಮೇಲೆ ಕಾರಿನವರೇ ನೀರಿನ ಬಾಟಲಿ ತಂದುಕೊಟ್ಟು, ಕ್ಷಮಿಸಿ ಅಂದರು. ನಿಜವಾಗಿಯೂ ಅವರಿಗೆ ಬೇಸರವಾಗಿತ್ತು.

ಮೊಣಕೈ ಸಿಪ್ಪೆ ಎದ್ದಿತ್ತು. ಸೈಕಲ್ಲಿನ ಹಿಂದಿನ ಭಾಗ ಒಂದು ಕಡೆ ವಾಲಿತ್ತು. ಮಾರನೇ ದಿನ ನಮ್ಮ ಬಡಾವಣೆಯ ಸೈಕಲ್ ಶಾಪಿನ ಹಿರಿಯರ ಹತ್ತಿರ ತೆಗೆದುಕೊಂಡು ಹೋದೆ. ಅವರು ಒಂದು ದಾರ ತೆಗೆದು, ಹಿಂದಿನ ಚಕ್ರ ಕೂರುವ ಎಡಗಿವಿಗೆ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿ, ವಾಪಸ್ ಬಲಗಿವಿಗೆ ತಂದು ಬಿಗಿದರು. ಸೀಟಿನ ಕೊಳವೆಗೂ ದಾರಕ್ಕೂ ನಡುವೆ ಎರಡೂ ಕಡೆ ಸ್ಕೇಲ್ ಇಟ್ಟರು. ಒಂದು ಕಡೆ 6 ಮಿಲಿಮೀಟರ್ ಕಡಿಮೆ. ಸೈಕಲ್ ಮಲಗಿಸಿ, ಉದ್ದದ ಮರದ ತುಂಡು ತೂರಿಸಿ, ನಿಧಾನವಾಗಿ ಒತ್ತಿದರು. ದಾರ ನೋಡಿದರು. ಮತ್ತೆ ಒತ್ತಿದರು. ನಾಲ್ಕನೇ ಸಲಕ್ಕೆ ಎರಡೂ ಕಡೆ ಸಮ. “ಉಕ್ಕು ಮಾತು ಕೇಳುತ್ತೆ ಮೇಡಂ. ಅಲ್ಯೂಮಿನಿಯಂ ಆಗಿದ್ರೆ ನಾನು ಮುಟ್ಟುತ್ತಲೇ ಇರ್ಲಿಲ್ಲ” ಅಂದರು. 200 ರೂಪಾಯಿ ತೆಗೆದುಕೊಂಡರು. ಕಾರ್ಖಾನೆಗೆ ತಂದು ಎಲ್ಲ ಜಾಯಿಂಟಿಗೂ ಕೆಂಪು ಡೈ ಹಚ್ಚಿ ನೋಡಿದೆ. ಒಂದು ಗೆರೆಯೂ ಇಲ್ಲ. ಅದಾದ ಮೇಲೆ ಈ ಫ್ರೇಮ್ ಇನ್ನೂ 27,000 ಕಿಲೋಮೀಟರ್ ಓಡಿದೆ.

ಆ ದಿನದಿಂದ ನಿಂತ ಕಾರುಗಳ ಪಕ್ಕ ಹೋಗುವಾಗ ಬಾಗಿಲಿನ ಅಗಲದಷ್ಟು ಜಾಗ ಬಿಟ್ಟೇ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೂ ಆ ಜಾಗ ಬಿಡೋದಿಲ್ಲ. ಕಾರಿನವರಿಗೆ ಒಂದೇ ಕೋರಿಕೆ. ಬಲಗಡೆ ಬಾಗಿಲನ್ನು ಎಡಗೈಯಿಂದ ತೆಗೆಯಿರಿ. ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಬಾಗಿಲಿನಿಂದ ದೂರದ ಕೈ ಬಳಸುವುದನ್ನು ಕಲಿಸುತ್ತಾರೆ. ಅಲ್ಲಿ ಸ್ಟಿಯರಿಂಗ್ ಎಡಕ್ಕಿರುವುದರಿಂದ ಅವರಿಗೆ ಅದು ಬಲಗೈ. ಮನೆಯವರಿಗೆ, ಆಫೀಸಿನವರಿಗೆ ನಾನು ಹೇಳಿಕೊಟ್ಟಿದ್ದೇನೆ. ಎರಡು ವಾರದಲ್ಲಿ ಅಭ್ಯಾಸವಾಗುತ್ತದೆ.

ಸೈಕಲ್ ವಿಮರ್ಶೆಯಲ್ಲಿ ರಸ್ತೆಯ ನಡವಳಿಕೆ ಯಾಕೆ ಅಂತ ಕೇಳಬಹುದು. ಊರಿನೊಳಗೆ ದಿನಾ ಓಡಿಸುವ ಸೈಕಲ್ ಬೇರೆಯವರ ನಡುವೆಯೇ ತಾನೇ ಓಡಬೇಕು? ಎಷ್ಟು ಒಳ್ಳೆಯ ಫ್ರೇಮ್ ಇದ್ದರೂ ಪಕ್ಕದಲ್ಲಿ ಒಂದೂವರೆ ಅಡಿಯಲ್ಲಿ ಬಸ್ ಹಾದುಹೋದರೆ ಹ್ಯಾಂಡಲ್ ನಡುಗುತ್ತದೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಹೇಳಿದ, ಅಲ್ಲಿಯ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ 2022ರ ಜನವರಿಯಲ್ಲಿ ಬದಲಾಯಿತು ಅಂತ. ಸೈಕಲ್ಲನ್ನು ದಾಟುವಾಗ ಕನಿಷ್ಠ 1.5 ಮೀಟರ್ ಬಿಡಬೇಕು, ವೇಗ ಜಾಸ್ತಿ ಇದ್ದರೆ ಇನ್ನೂ ಜಾಸ್ತಿ. ಯಾರ ಗಾಡಿಯಿಂದ ಹೆಚ್ಚು ಪೆಟ್ಟಾಗಬಹುದೋ ಅವರ ಜವಾಬ್ದಾರಿಯೂ ಹೆಚ್ಚು.

ಆ ಲೆಕ್ಕ ನಮಗೂ ಅನ್ವಯ. ನಡೆಯುವವರ ಮುಂದೆ ಸೈಕಲ್ಲಿನವರೇ ದೊಡ್ಡ ಗಾಡಿ. ಚಾಮುಂಡಿ ಬೆಟ್ಟದಲ್ಲಿ ಭಾನುವಾರ ಬೆಳಿಗ್ಗೆ ಇದನ್ನು ನೋಡಿ ನನಗೆ ಬೇಸರವಾಗುತ್ತದೆ. ಅಲ್ಲಿ ಸಾವಿರ ಮೆಟ್ಟಿಲು ಹತ್ತುವವರು ರಸ್ತೆ ದಾಟಿಕೊಂಡೇ ಮೇಲೆ ಹೋಗಬೇಕು. ವಯಸ್ಸಾದವರು, ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಬರುವ ಹೆಂಗಸರು ಇರುತ್ತಾರೆ. ಅಲ್ಲಿಗೆ ಕಾರ್ಬನ್ ಸೈಕಲ್ಲಿನ ಗುಂಪುಗಳು ಬೆಟ್ಟ ಇಳಿಯುತ್ತಾ ಕೂಗಿಕೊಂಡು ನುಗ್ಗುತ್ತವೆ. ಒಂದು ಸಲ ಹಾಲಿನ ಕ್ಯಾನ್ ಕಟ್ಟಿಕೊಂಡು ಕಪ್ಪು ಸೈಕಲ್ಲಿನಲ್ಲಿ ಬರುತ್ತಿದ್ದ ಹಿರಿಯರಿಗೆ ಒಬ್ಬ ಹುಡುಗ “ಸೈಡಿಗೆ ಹೋಗಪ್ಪಾ” ಅಂದ. ಅಷ್ಟು ವಯಸ್ಸಾದವರಿಗೆ ಏಕವಚನ. ನಾನು ಸುಮ್ನೆ ಇರಲಿಲ್ಲ. ಮುಂದಿನ ತಿರುವಿನಲ್ಲಿ ಅವನ ಪಕ್ಕ ನಿಲ್ಲಿಸಿ, “ಅವರ ಸೈಕಲ್ ತೂಕ ಹಾಲು ಸೇರಿ ಅರವತ್ತು ಕಿಲೋ ಇರುತ್ತೆ ಕಣಪ್ಪ. ನಿಂದು ಎಂಟು. ಜಾಗ ಬಿಡೋದು ಯಾರಿಗೆ ಸುಲಭ?” ಅಂದೆ. ಅವನು ಮಾತಾಡಲಿಲ್ಲ. ಮೇಲೆ ಹೋದ ಮೇಲೆ ಬಂದು, “ಸಾರಿ ಆಂಟಿ” ಅಂದ. ಒಳ್ಳೆಯ ಹುಡುಗನೇ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಫ್ರೇಮ್ ನೋಡಿ ಮರ್ಯಾದೆ ಕೊಡುವ ಈ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಕಾರ್ಬನ್ ಅದ್ಭುತವಾದ ವಸ್ತು, ರೇಸಿಗೆ ಅದಕ್ಕೆ ಸಮ ಇಲ್ಲ. ಪೆಟ್ಟು ಬಿದ್ದರೆ ಒಳಗಿನ ಪದರ ಬಿಟ್ಟುಕೊಂಡಿದ್ದರೂ ಹೊರಗೆ ಕಾಣದೇ ಇರಬಹುದು, ಅದೊಂದೇ ಭಯ. ಆದರೆ ಪೇಪರ್ ಹಾಕುವ ಹುಡುಗ, ಹಾಲಿನವರು, ಕಟ್ಟಡ ಕೆಲಸಕ್ಕೆ ಹೋಗುವವರು, ಇವರೇ ಈ ಊರಲ್ಲಿ ನಿಜವಾಗಿ ಸೈಕಲ್ ಉಳಿಸಿಕೊಂಡು ಬಂದವರು. ನನ್ನ ಫ್ರೇಮಿನ ಕಥೆ ಶುರುವಾಗೋದೂ ಅವರ ಸೈಕಲ್ಲಿಂದಲೇ.

ಇನ್ನು ಕೊರತೆಗಳು. ಮೊದಲನೆಯದು ತೂಕ. ಮೂರನೇ ಮಹಡಿಗೆ ಹೊತ್ತುಕೊಂಡು ಹೋಗಬೇಕಾದ ಮನೆಯಾದರೆ ಇದು ಬೇಡ. ಬೆಟ್ಟ ಹತ್ತುವಾಗ ಅಲ್ಯೂಮಿನಿಯಂಗಿಂತ ಮೂರ್ನಾಲ್ಕು ನಿಮಿಷ ಜಾಸ್ತಿ ಬೇಕು. ಎರಡನೆಯದು ತುಕ್ಕು, ಇದು ನಿಜವಾದ ಶತ್ರು. ಹೊರಗಿನ ತುಕ್ಕು ಕಾಣುತ್ತದೆ, ಉಜ್ಜಿ ಬಣ್ಣ ಹಚ್ಚಬಹುದು. ಒಳಗಿನದು ಕಾಣೋದಿಲ್ಲ. ಮಳೆನೀರು ಸೀಟಿನ ಕೊಳವೆಯಿಂದ ಇಳಿದು ಪೆಡಲ್ ಗೂಡಿನಲ್ಲಿ ನಿಲ್ಲುತ್ತದೆ. ಅಲ್ಲಿ ತಳದಲ್ಲಿ ಒಂದು ಸಣ್ಣ ತೂತು ಇರಬೇಕು. ಮಣ್ಣು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ. ಪ್ರತಿ ಮಳೆಗಾಲದ ಮೊದಲು ಸೀಟು ಹೊರತೆಗೆದು, ಒಳಗೆ ವ್ಯಾಕ್ಸ್ ಸ್ಪ್ರೇ ಹೊಡೆದು, ಫ್ರೇಮನ್ನು ಆ ಕಡೆ ಈ ಕಡೆ ಹೊರಳಿಸುತ್ತೇನೆ. ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಿಯೇ ಹಾಕಬೇಕು. ಅಲ್ಯೂಮಿನಿಯಂ ಕಂಬ ಉಕ್ಕಿನ ಕೊಳವೆಯೊಳಗೆ ವರ್ಷಗಟ್ಟಲೆ ಇದ್ದರೆ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಗರಗಸವೇ ಗತಿ. ಮೈಸೂರಿನ ಹವೆಗೆ ಇಷ್ಟು ಸಾಕು. ಮಂಗಳೂರು, ಉಡುಪಿಯವರು ಉಪ್ಪುಗಾಳಿ ನೆನೆದು ಇನ್ನೂ ಎಚ್ಚರವಾಗಿರಬೇಕು.

ದಾರಿಯ ಬಗ್ಗೆ ಇನ್ನೊಂದು. 2023ರ ಆಗಸ್ಟ್‌ನಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಹಾದಿಗೆ ಬೈಕು, ಆಟೋ, ಸೈಕಲ್ ಯಾವುದನ್ನೂ ಬಿಡುತ್ತಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗುವಾಗ ಸರ್ವಿಸ್ ರಸ್ತೆಯೇ. ಅಲ್ಲಿ ಎದುರಿನಿಂದ ಬರುವ ಬೈಕುಗಳು ಜಾಸ್ತಿ. ಹಗಲಲ್ಲೂ ಮುಂದಿನ ಲೈಟ್ ಹಾಕಿರುತ್ತೇನೆ.

ಖರೀದಿಸುವವರಿಗೆ: ಸ್ಟಿಕ್ಕರಿನಲ್ಲಿ ಸುಮ್ನೆ ಸ್ಟೀಲ್ ಅಂತ ಇದ್ದರೆ ಅಂಗಡಿಯವರನ್ನು ಕೇಳಿ. ಹೈಟೆನ್ ಅಂದರೆ ಸಾಮಾನ್ಯ ಉಕ್ಕು, ಭಾರ ಜಾಸ್ತಿ, ಬೆಲೆ ಕಡಿಮೆ. 4130 ಅಂದರೆ ಕ್ರೋಮೋಲಿ. ಕೆಲವದರಲ್ಲಿ ಮುಂದಿನ ಮೂರು ಕೊಳವೆ ಮಾತ್ರ ಕ್ರೋಮೋಲಿ ಇರುತ್ತದೆ, ಹಿಂದಿನದು ಹೈಟೆನ್. ಅದೂ ತಪ್ಪಲ್ಲ, ಗೊತ್ತಿದ್ದು ಕೊಳ್ಳಿ. ಹಳೆಯದನ್ನು ಕೊಳ್ಳುವಾಗ ದಾರ ಕಟ್ಟಿ ನೋಡಿ, ಸೀಟಿನ ಕಂಬ ಕಚ್ಚಿಕೊಳ್ಳದೆ ಮೇಲೆ ಕೆಳಗೆ ಸರಿಯುತ್ತದಾ ನೋಡಿ, ಪೆಡಲ್ ಗೂಡಿನ ಕೆಳಗೆ ಬೆರಳಾಡಿಸಿ ನೋಡಿ. ಬೆಲ್ಲು ಇಲ್ಲದಿದ್ದರೆ ಅಂಗಡಿಯಲ್ಲೇ ಹಾಕಿಸಿಕೊಂಡು ಹೊರಡಿ.

ನನ್ನದಕ್ಕೆ ಈ ಬೇಸಿಗೆಯಲ್ಲಿ ಬಣ್ಣ ಮಾಡಿಸಬೇಕು. ನಮ್ಮ ಕಾರ್ಖಾನೆ ಪಕ್ಕದಲ್ಲೇ ಪೌಡರ್ ಕೋಟಿಂಗ್ ಮಾಡುವವರಿದ್ದಾರೆ. ಹಸಿರೇ ಇರಲಿ ಅಂತ ಮಗಳು ಹೇಳಿದ್ದಾಳೆ. ಬಣ್ಣ ತೆಗೆದ ದಿನ ಫ್ರೇಮನ್ನು ಮತ್ತೊಮ್ಮೆ ಟೇಬಲ್ ಮೇಲೆ ಮಲಗಿಸಿ ಕೆಂಪು ಡೈ ಹಚ್ಚುತ್ತೇನೆ. ಏನಾದರೂ ಗೆರೆ ಕಂಡರೆ ಇಲ್ಲೇ ಬರೆಯುತ್ತೇನೆ.