ಹಗುರ ಕ್ಯಾಟಮರಾನ್, ಕೆಆರ್‌ಎಸ್ ಹಿನ್ನೀರು: ಕೆಲವು ಮುಂಗಾರು ಕಳೆದ ಮೇಲೆ

ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ಓಡಿಸುವವರಿಗೆ ಈ ಕಷ್ಟ ಗೊತ್ತು. ಒಳ್ಳೆ ಗಾಳಿ ಬೀಸುವುದು ಮುಂಗಾರು ಶುರುವಾಗುವ ಜೂನ್‌ನಲ್ಲಿ. ನೀರು ತೀರಾ ಕೆಳಗಿಳಿದಿರುವುದೂ ಸಾಮಾನ್ಯವಾಗಿ ಆಗಲೇ. ಅಣೆಕಟ್ಟಿನ ಪೂರ್ತಿ ಮಟ್ಟ 124.80 ಅಡಿ. ಕೊಡಗಿನಲ್ಲಿ ಮಳೆ ಹಿಡಿದು ಕಾವೇರಿ ತುಂಬಿ ಬರುವ ತನಕ, ಮೀನಾಕ್ಷಿಪುರದ ಕಡೆ ನೀರು ಮುಟ್ಟಬೇಕಾದರೆ ಒಣಗಿ ಬಿರಿದ ಮಣ್ಣು, ಅದಾದ ಮೇಲೆ ಕೆಸರು, ಎರಡನ್ನೂ ದಾಟಬೇಕು. ಭಾರದ ದೋಣಿ ಇಟ್ಟುಕೊಂಡವರು ದಡದಲ್ಲಿ ಕೂತು ಗಾಳಿ ನೋಡುತ್ತಾರೆ, ಅಷ್ಟೇ.

ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ 16 ಅಡಿಯ ಹಗುರ ಕ್ಯಾಟಮರಾನ್, ಅಂದರೆ ಪಕ್ಕಪಕ್ಕ ಎರಡು ಒಡಲಿರುವ ಹಾಯಿದೋಣಿ, ಕೊಂಡಿದ್ದು ಈ ಕಾರಣಕ್ಕೇ. ವೇಗದ ಆಸೆಗಲ್ಲ. ಈ ಜಾತಿಯ ದೋಣಿಗಳಲ್ಲಿ ಹೆಚ್ಚು ಹೆಸರು ಮಾಡಿದ ಹೋಬಿ 16 ಸುಮಾರು 145 ಕೆಜಿ ತೂಗುತ್ತದೆ. ನನ್ನದೂ ಆಸುಪಾಸು ಅಷ್ಟೇ. ಅಗಲ ಚಕ್ರದ ಟ್ರಾಲಿ ಮೇಲಿಟ್ಟರೆ ನಾನೂ ನನ್ನ ಬಾಮೈದನೂ ಕೆಸರಲ್ಲೂ ಎಳೆದುಕೊಂಡು ಹೋಗುತ್ತೇವೆ. ತೆಪ್ಪದಲ್ಲಿ ಮೀನು ಹಿಡಿಯುವವರು ಮೊದಮೊದಲು "ಇಷ್ಟು ದೊಡ್ಡದ್ನ ಇಬ್ರೇ ಎಳ್ಕೊಂಡ್ ಬಂದ್ರಾ ಸಾರ್?" ಅಂತ ಕೇಳುತ್ತಿದ್ದರು. ಈಗ ಕೈ ಬೀಸಿ ಸುಮ್ನಾಗುತ್ತಾರೆ.

ಇಷ್ಟು ಹಗುರ ಹೇಗೆ ಸಾಧ್ಯ? ಒಂದೇ ಒಡಲಿನ ದೊಡ್ಡ ಹಾಯಿದೋಣಿ ಮಗುಚದಿರಲು ತಳದಲ್ಲಿ ಸೀಸವನ್ನೋ ಕಬ್ಬಿಣವನ್ನೋ ಹೊರಬೇಕು. ಕ್ಯಾಟಮರಾನ್‌ಗೆ ಆ ಭಾರ ಬೇಡ. ದೂರ ನಿಂತ ಎರಡು ಒಡಲುಗಳ ಅಗಲವೇ ಅದನ್ನು ನಿಲ್ಲಿಸುತ್ತದೆ. ಒಡಲಿನ ಗೋಡೆಯೂ ಗಟ್ಟಿ ಫೈಬರ್ ಅಲ್ಲ. ಎರಡು ತೆಳು ಫೈಬರ್ ಪದರ, ನಡುವೆ ಫೋಮ್. ಹಲಗೆ ಎರಡರಷ್ಟು ದಪ್ಪವಾದರೆ ಅದರ ಬಿಗಿ ಎಂಟರಷ್ಟಾಗುತ್ತದೆ. ಇಲ್ಲಿ ಆ ದಪ್ಪವನ್ನು ಫೋಮ್ ಕೊಡುತ್ತದೆ, ತೂಕ ಹೆಚ್ಚಿಸದೆ. ತೇಲುವ ದೋಣಿ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಲೇಬೇಕು, ಅಲ್ವಾ? ತೂಕ ಕಡಿಮೆ ಇದ್ದರೆ ಸರಿಸಬೇಕಾದ ನೀರೂ ಕಡಿಮೆ, ಏಳುವ ಅಲೆಯೂ ಚಿಕ್ಕದು. ಅದಕ್ಕೇ ಗಾಳಿ ಒಮ್ಮೆ ಜೋರಾದರೆ ದೋಣಿ ವಾಲುವುದಕ್ಕಿಂತ ಮುಂದಕ್ಕೆ ನೆಗೆಯುತ್ತದೆ. ಆ ಕ್ಷಣ ಚುಕ್ಕಾಣಿ ಕೈಯಲ್ಲಿ ನಡುಗುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ದಿಕ್ಕು ಬದಲಿಸುವಾಗ ಮಾತ್ರ ಈ ಹಗುರ ಕೈಕೊಡುತ್ತದೆ. ಓಟದ ಒತ್ತು ಬೇಗ ಸತ್ತು ದೋಣಿ ಗಾಳಿಗೆ ಎದುರಾಗಿ ನಿಂತುಬಿಡುತ್ತದೆ. ಮುಂದಿನ ಚಿಕ್ಕ ಹಾಯಿಯನ್ನು ಸ್ವಲ್ಪ ಹೊತ್ತು ಹಳೇ ಬದಿಯಲ್ಲೇ ಹಿಡಿದರೆ ಗಾಳಿ ಅದನ್ನು ತಳ್ಳಿ ಮೂತಿ ತಿರುಗುತ್ತದೆ. ರೂಢಿಯಾದರೆ ಸಾಕು.

ನನಗೆ ಸಿಟ್ಟು ತರಿಸಿದ್ದು ಬೇರೆ. ಮೇಲಿನ ಪದರ ಎಲ್ಲಾದರೂ ಬಿರುಕು ಬಿಟ್ಟರೆ ನೀರು ಫೋಮ್‌ವರೆಗೆ ಇಳಿಯುತ್ತದೆ, ಪದರ ಫೋಮ್‌ನಿಂದ ಬಿಟ್ಟುಕೊಳ್ಳುತ್ತದೆ. ಎಡ ಒಡಲಿನ ಮೇಲ್ಭಾಗದಲ್ಲಿ, ಮುಂದಿನ ಅಡ್ಡಪಟ್ಟಿಯ ಹತ್ತಿರ, ಹೆಬ್ಬೆರಳು ಒತ್ತಿದರೆ ತಗ್ಗುವ ಜಾಗ ಕಾಣಿಸಿತು. ಮೈಸೂರಿನ ಒಂದು ಫೈಬರ್ ವರ್ಕ್‌ಶಾಪ್‌ಗೆ ಕೊಟ್ಟೆ. ಅವರು ಅದರ ಮೇಲೇ ಪದರದ ಮೇಲೆ ಪದರ ಮ್ಯಾಟ್ ಹಾಕಿ, ರೆಸಿನ್ ಸುರಿದು, "ಇನ್ನು ಲಾರಿ ಹತ್ತಿಸಿದ್ರೂ ಏನೂ ಆಗಲ್ಲ" ಅಂದರು. ಗಟ್ಟಿಯೇನೋ ಆಗಿತ್ತು. ಆದರೆ ಆ ಒಡಲಿನ ಮೂತಿ ನೀರಲ್ಲಿ ತಗ್ಗಿತು. ಬಿರುಸು ಗಾಳಿಯಲ್ಲಿ ಅದೇ ಮೂತಿ ಮೊದಲು ಅಲೆಯೊಳಗೆ ತೂರಿಕೊಳ್ಳುತ್ತಿತ್ತು. ದುಡ್ಡು ಕೊಟ್ಟು ದೋಣಿಯ ಗುಣವನ್ನೇ ಹಾಳು ಮಾಡಿಸಿಕೊಂಡ ಹಾಗಾಯ್ತು ಅಂತ ತುಂಬಾ ಬೇಜಾರಾಯಿತು. ಕೊನೆಗೆ ನಾವೇ ಆ ಗಂಟನ್ನೆಲ್ಲ ಉಜ್ಜಿ ತೆಗೆದೆವು. ಸಣ್ಣ ತೂತು ಕೊರೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಸಿರಿಂಜಿನಲ್ಲಿ ತೆಳು ಎಪಾಕ್ಸಿ ಅಂಟು ತುಂಬಿ, ಮೇಲೆ ಭಾರ ಹೇರಿ ಬಿಟ್ಟೆವು. ಜಾಗ ಗಟ್ಟಿಯಾಯಿತು, ಮೂತಿ ಮತ್ತೆ ಮೇಲೆದ್ದಿತು.

ಈಗ ದಡಕ್ಕೆ ಬಂದ ಕೂಡಲೇ ಒಂದು ಕೆಲಸ ತಪ್ಪುವುದಿಲ್ಲ. ಮೂತಿಯನ್ನು ಕಲ್ಲಿನ ಮೇಲೆ ಎತ್ತಿಟ್ಟು ಹಿಂದಿನ ಡ್ರೈನ್ ಪ್ಲಗ್ ಎರಡನ್ನೂ ಬಿಚ್ಚುತ್ತೇನೆ. ಒಳಗಿಂದ ಬಂದ ನೀರನ್ನು ಮಗ್ಗಿನಲ್ಲಿ ಹಿಡಿದು ಅಳೆಯುತ್ತೇನೆ. ನೀರು ಜಾಸ್ತಿ ಬಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಆಮೇಲೆ ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಒಡಲನ್ನು ಉದ್ದಕ್ಕೂ ತಟ್ಟುತ್ತೇನೆ. ಟಕ್ ಟಕ್ ಅಂದರೆ ಸರಿ. ದಬ್ ಅಂದರೆ ಪೆನ್ಸಿಲ್‌ನಲ್ಲಿ ಗುರುತು. ಬಾಮೈದ ಅಷ್ಟರಲ್ಲಿ ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸಿರುತ್ತಾನೆ.

ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗುವ ಆಸೆ ಇದ್ದರೆ ಇದು ಬೇಡ. ಮೂರನೆಯವರು ಹತ್ತಿದರೆ ಒಡಲು ಕೂತು ಓಟವೇ ಹೋಗುತ್ತದೆ. ಇಬ್ಬರಿಗೆ, ಅದೂ ಜೂನ್ ಬಿಡಲೊಲ್ಲದ ಇಬ್ಬರಿಗೆ, ನನ್ನ ಬಜೆಟ್‌ನಲ್ಲಿ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕಾರ್ಬನ್ ಫೈಬರ್ ಕೂವೆಮರಕ್ಕೆ (ಹಾಯಿ ಕಟ್ಟುವ ಕಂಬ) ದುಡ್ಡು ಹಾಕಬೇಡಿ, ಅಲ್ಯೂಮಿನಿಯಂ ಸಾಕು. ಹಳೆಯದು ಕೊಳ್ಳುವುದಾದರೆ ಹೊಳಪು ನೋಡಬೇಡಿ. ಒಡಲು ಎರಡನ್ನೂ ತಟ್ಟಿ ನೋಡಿ, ಬೇರೆಬೇರೆಯಾಗಿ ತೂಕಕ್ಕೆ ಹಾಕಿ. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಭಾರ ಇದ್ದರೆ ಒಳಗೆ ನೀರಿರಬೇಕು, ಇಲ್ಲವೇ ಯಾರೋ ದಪ್ಪ ರಿಪೇರಿ ಮಾಡಿರಬೇಕು. ಬೆಲೆ ಇಳಿಸಿ ಕೇಳಿ, ಇಲ್ಲಾಂದ್ರೆ ಬಿಟ್ಟು ಬನ್ನಿ.